ಮನೆಗೊಂದು ಗೋಬರ್ ಗ್ಯಾಸ್: ಸಗಣಿ ತೂಗುವುದರಿಂದ ಸ್ಲರಿ ತೋಟಕ್ಕೆ ಬಿಡುವವರೆಗೆ

ಗೋಬರ್ ಗ್ಯಾಸ್ ಕಟ್ಟಿಸಬೇಕು ಅಂದುಕೊಂಡವರು ಮೊದಲು ಕೇಳುವುದು ಖರ್ಚು ಎಷ್ಟು ಅಂತ. ಆಮೇಲೆ ಸಬ್ಸಿಡಿ ಎಷ್ಟು ಅಂತ. ದಿನಕ್ಕೆ ಎಷ್ಟು ಕಿಲೋ ಸಗಣಿ ಕೈಗೆ ಸಿಗುತ್ತದೆ ಅನ್ನೋದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಮಲೆನಾಡಿನ ಯಾವ ಊರಿಗೆ ಹೋದರೂ ಕೊಟ್ಟಿಗೆಯ ಹಿಂದೆ ಗಿಡ ಬೆಳೆದು ಮುಚ್ಚಿಹೋದ ಹಳೆಯ ಗುಂಡಿಯೊಂದು ಕಾಣುತ್ತದೆ. ವಿಚಾರಿಸಿ ನೋಡಿ. ಮೇಸ್ತ್ರಿ ಕೆಟ್ಟದಾಗಿ ಕಟ್ಟಿದ ಅನ್ನುವುದಕ್ಕಿಂತ ದನ ಕಡಿಮೆಯಾಯಿತು, ಸಗಣಿ ಸಾಲಲಿಲ್ಲ ಅನ್ನುವ ಉತ್ತರವೇ ಜಾಸ್ತಿ. ಅದಕ್ಕೇ ಈ ಮಾರ್ಗದರ್ಶಿ ಇಟ್ಟಿಗೆ, ಸಿಮೆಂಟಿನಿಂದ ಶುರುವಾಗುವುದಿಲ್ಲ.

ಮೊದಲು ಸಗಣಿ ತೂಗಿ

ಒಂದು ಪ್ಲಾಸ್ಟಿಕ್ ಬಕೆಟ್ ಮತ್ತು ಅಡಿಕೆ ತೂಗುವ ತಕ್ಕಡಿ ಸಾಕು. ಒಂದು ವಾರ, ಬೆಳಿಗ್ಗೆ ಮತ್ತು ಸಂಜೆ ಕೊಟ್ಟಿಗೆಯಿಂದ ಎತ್ತಿದ ಸಗಣಿಯನ್ನು ತೂಗಿ ಬರೆದಿಡಿ. ದನಗಳ ತಲೆ ಎಣಿಸಿ ಅಂದಾಜು ಹೇಳುವುದು ಬೇಡ. ಇಡೀ ದಿನ ಕಟ್ಟಿ ಸಾಕುವ ಜೆರ್ಸಿ ಹಸು ಅಥವಾ ಎಮ್ಮೆ ದಿನಕ್ಕೆ 10ರಿಂದ 15 ಕಿಲೋ ಹಾಕುತ್ತದೆ. ಮೇಯಲು ಹೋಗುವ ಮಲೆನಾಡು ಗಿಡ್ಡದ ಸಗಣಿ ಅರ್ಧಕ್ಕರ್ಧ ಬೆಟ್ಟದಲ್ಲೇ ಬೀಳುತ್ತದೆ, ರಾತ್ರಿಯದ್ದು ಮಾತ್ರ ನಿಮಗೆ. ನಾಲ್ಕು ಗಿಡ್ಡ ಇದ್ದರೂ ಒಂದು ಜೆರ್ಸಿಯಷ್ಟೇ ಸಿಕ್ಕೀತು.

ಇನ್ನೊಂದು ವಿಷಯ. ನಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು, ದರಕು ಹಾಸುವ ರೂಢಿ ಇದೆ. ಹಾಗೆ ಹಾಸಿದ ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಚಿನ್ನ, ಆದರೆ ಗ್ಯಾಸ್ ಗುಂಡಿಗೆ ಉಪಯೋಗವಿಲ್ಲ. ಎಲೆ, ಕಡ್ಡಿ ಎಲ್ಲ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ. ಗ್ಯಾಸ್ ಬೇಕು ಅಂದರೆ ಕೊಟ್ಟಿಗೆಯ ನೆಲಕ್ಕೆ ಕಲ್ಲು ಅಥವಾ ಕಾಂಕ್ರೀಟ್ ಹಾಕಿ ಬರೀ ಸಗಣಿ ಎತ್ತುವ ಹಾಗೆ ಮಾಡಿಕೊಳ್ಳಬೇಕು, ಕಾಲು ನೋಯದಂತೆ ದನಗಳಿಗೆ ರಬ್ಬರ್ ಮ್ಯಾಟ್ ಹಾಕಬೇಕು. ಸೊಪ್ಪಿನ ಗೊಬ್ಬರ ಹೋಯಿತಲ್ಲ ಅನ್ನಬೇಡಿ, ಅದಕ್ಕೆ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ. ಆದರೆ ಮನೆಯ ಹಿರಿಯರು ಈ ಬದಲಾವಣೆಗೆ ಒಪ್ಪುತ್ತಾರಾ ಅಂತ ಈಗಲೇ ಕೇಳಿಕೊಳ್ಳಿ. ಇಲ್ಲಿ ತಕರಾರು ಬಂದರೆ ಮುಂದಿನದ್ದೆಲ್ಲ ಸುಮ್ನೆ.

ಎಷ್ಟು ದೊಡ್ಡದು ಬೇಕು

ಲೆಕ್ಕ ಸುಲಭ. 25 ಕಿಲೋ ಹಸಿ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್. ಒಬ್ಬರ ಅಡುಗೆಗೆ ದಿನಕ್ಕೆ ಹತ್ತಿರ ಹತ್ತಿರ ಕಾಲು ಘನ ಮೀಟರ್. ಸಾಮಾನ್ಯ ಒಂದು ಬರ್ನರ್ ಗಂಟೆಗೆ ಅರ್ಧ ಘನ ಮೀಟರಿಗಿಂತ ಸ್ವಲ್ಪ ಕಡಿಮೆ ಉರಿಸುತ್ತದೆ. ಅಂದರೆ 1 ಘನ ಮೀಟರ್ ಗ್ಯಾಸಿನಲ್ಲಿ ಒಂದು ಒಲೆ ಎರಡು ಗಂಟೆಗೂ ಚೂರು ಹೆಚ್ಚು ಉರಿಯುತ್ತದೆ.

ಸಿಲಿಂಡರ್ ಲೆಕ್ಕದಲ್ಲಿ ಹೇಳುವುದಾದರೆ 1 ಘನ ಮೀಟರ್ ಗೋಬರ್ ಗ್ಯಾಸು 430 ಗ್ರಾಂ ಎಲ್‌ಪಿಜಿಗೆ ಸಮ. ದಿನಾ 50 ಕಿಲೋ ಸಗಣಿ ಹಾಕಿದರೆ 2 ಘನ ಮೀಟರ್ ಗ್ಯಾಸ್. ತಿಂಗಳಿಗೆ ಸುಮಾರು 25 ಕಿಲೋ ಎಲ್‌ಪಿಜಿ ಉಳಿತಾಯ, ಅಂದರೆ ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ. ಇದು ಕಾಗದದ ಮೇಲಿನ ಲೆಕ್ಕ. ಮಳೆಗಾಲ, ಚಳಿಗಾಲ, ನೆಂಟರ ಮನೆಯ ಮದುವೆ ಎಲ್ಲ ಕಳೆದು ತಿಂಗಳಿಗೆ ಒಂದು ಸಿಲಿಂಡರ್ ಉಳಿದರೂ ಒಳ್ಳೆಯದೇ.

ನಾಲ್ಕೈದು ಜನರ ಮನೆಗೆ 2 ಘನ ಮೀಟರಿನದ್ದು, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವ ಗುಂಡಿ ಸರಿ (ಇದು ಗುಂಡಿಯ ಗಾತ್ರವಲ್ಲ), ದಿನಕ್ಕೆ 40ರಿಂದ 50 ಕಿಲೋ ಸಗಣಿ ಇದ್ದರೆ ಮಾತ್ರ. 25 ಕಿಲೋ ಇದ್ದರೆ 1 ಘನ ಮೀಟರಿನದ್ದನ್ನೇ ಕಟ್ಟಿಸಿ. 'ಮುಂದೆ ದನ ತರೋಣ, ಈಗಲೇ ದೊಡ್ಡದು ಇರಲಿ' ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಬೇಡ. ಸಗಣಿ ಸಾಲದ ದೊಡ್ಡ ಗುಂಡಿಯಲ್ಲಿ ಒತ್ತಡ ಏರುವುದಿಲ್ಲ, ಸ್ಲರಿ (ನೀರಲ್ಲಿ ಕಲಸಿ ಗುಂಡಿಗೆ ಬಿಟ್ಟ ಸಗಣಿ) ಹೊರಗೆ ಬರುವುದಿಲ್ಲ, ಒಳಗೇ ಗಟ್ಟಿಯಾಗುತ್ತದೆ.

ಸಗಣಿ ಲೆಕ್ಕ ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುತ್ತಿದ್ದ ಆಸ್ಟ್ರಾ ತಂಡ ಊರಿಗೆಲ್ಲ ಸೇರಿ ಒಂದು ಗ್ಯಾಸ್ ಘಟಕ ಕಟ್ಟಿತ್ತು. ಊರವರ ಅಡುಗೆಗೆಲ್ಲ ಗ್ಯಾಸ್ ಕೊಡುವುದಕ್ಕೆ ಸಗಣಿ ಸಾಲಲಿಲ್ಲ. ಕೊನೆಗೆ ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ, 1987ರಿಂದ ಊರಿಗೆ ಕುಡಿಯುವ ನೀರು ಮತ್ತು ದೀಪ ಕೊಟ್ಟರು. ಅದು ಚೆನ್ನಾಗಿ ನಡೆಯಿತು.

ಅಂದ ಹಾಗೆ, ಬಚ್ಚಲ ಹಂಡೆಯನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. 60 ಲೀಟರ್ ನೀರು ಕಾಯಿಸಲು ಅರ್ಧದಿಂದ ಮುಕ್ಕಾಲು ಘನ ಮೀಟರ್ ಗ್ಯಾಸ್ ಹೋಗುತ್ತದೆ. ಅಷ್ಟರಲ್ಲಿ ಮೂರು ಜನರ ಅಡುಗೆ ಆಗುತ್ತಿತ್ತು. ಸ್ನಾನದ ನೀರಿಗೆ ಸೋಲಾರ್ ಇರಲಿ, ಅಥವಾ ಅಡಿಕೆ ಸಿಪ್ಪೆಯೇ ಇರಲಿ.

ಯಾವ ಮಾದರಿ

ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಡ್ರಮ್ ಮೇಲೇಳುವ ಹಳೆಯ ಖಾದಿ ಆಯೋಗದ ಮಾದರಿ. ಗ್ಯಾಸ್ ತುಂಬಿದಂತೆ ಡ್ರಮ್ ಏಳುತ್ತದೆ, ಎಷ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ, ಒತ್ತಡವೂ ಒಂದೇ ಸಮ. ಆದರೆ ಕಬ್ಬಿಣದ ಡ್ರಮ್ಮಿಗೆ ವರ್ಷ ವರ್ಷ ಬಣ್ಣ ಬಳಿಯಬೇಕು. ಕರಾವಳಿಯ ಉಪ್ಪು ಗಾಳಿಗೆ, ಮಲೆನಾಡಿನ ಮಳೆಗೆ ಅದು ಬೇಗ ತೂತು ಬೀಳುತ್ತದೆ.

ಎರಡನೆಯದು ದೀನಬಂಧು. 1984ರಲ್ಲಿ ಆಫ್‌ಪ್ರೊ ಎಂಬ ಸ್ವಯಂಸೇವಾ ಸಂಸ್ಥೆ ರೂಪಿಸಿದ್ದು. ಪೂರ್ತಿ ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಅಲುಗಾಡುವ ಭಾಗವೇ ಇಲ್ಲ. ಗ್ಯಾಸ್ ಹುಟ್ಟಿದಂತೆ ಗುಮ್ಮಟದಲ್ಲಿ ಸೇರಿ ಸ್ಲರಿಯನ್ನು ಹೊರತೊಟ್ಟಿಗೆ ತಳ್ಳುತ್ತದೆ. ನೀವು ಒಲೆ ಹಚ್ಚಿದಾಗ ಆ ಸ್ಲರಿ ವಾಪಸು ಇಳಿದು ಗ್ಯಾಸನ್ನು ಒತ್ತುತ್ತದೆ. ಒಳ್ಳೆಯ ಮೇಸ್ತ್ರಿ ಸಿಕ್ಕರೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಇಪ್ಪತ್ತು ವರ್ಷ ಆರಾಮಾಗಿ ಬಾಳುತ್ತದೆ.

ಅಗೆದರೆ ಬಂಡೆ ಸಿಗುವ ಜಾಗಕ್ಕೆ, ಮಳೆಗಾಲದಲ್ಲಿ ಒಂದೆರಡು ಅಡಿಗೇ ನೀರು ಬರುವ ತಗ್ಗು ಜಾಗಕ್ಕೆ ರೆಡಿಮೇಡ್ ಫೈಬರ್ ಅಥವಾ ಬಲೂನ್ ಮಾದರಿ ನೋಡಿ. ಬಲೂನಿಗೆ ನೆರಳಿನ ಮಾಡು ಬೇಕು, ಇಲಿ ಮತ್ತು ಕೋಳಿಯಿಂದ ಕಾಪಾಡಬೇಕು.

ಸಬ್ಸಿಡಿ ಬೇಕಿದ್ದರೆ ಗ್ರಾಮ ಪಂಚಾಯಿತಿಯಲ್ಲಿ, ಕೃಷಿ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಮೊತ್ತವೂ ನಿಯಮವೂ ಬದಲಾಗುತ್ತಿರುತ್ತವೆ. ಮಂಜೂರಾತಿ ಕೈಗೆ ಬರುವ ಮೊದಲು ಗುಂಡಿ ತೋಡಬೇಡಿ.

ಜಾಗ

ಅಡುಗೆಮನೆಗೂ ಕೊಟ್ಟಿಗೆಗೂ ಹತ್ತಿರ, ಬಾವಿಗೆ ದೂರ. ಬಾವಿಯಿಂದ ಕನಿಷ್ಠ 15 ಮೀಟರ್ ಇರಲಿ. ಬಿಸಿಲು ಬೀಳುವ ಜಾಗ ಬೇಕು, ಯಾಕೆಂದರೆ ಒಳಗಿನ ಸೂಕ್ಷ್ಮಜೀವಿಗಳಿಗೆ 30ರಿಂದ 35 ಡಿಗ್ರಿ ಬಿಸಿ ಇಷ್ಟ. ಹಲಸು, ಮಾವಿನಂಥ ದೊಡ್ಡ ಮರದ ಬುಡ ಬೇಡ, ಬೇರು ಗೋಡೆ ಒಡೆಯುತ್ತದೆ. ಅಡುಗೆಮನೆ ಮತ್ತು ಕೊಟ್ಟಿಗೆ ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಕೊಟ್ಟಿಗೆಯನ್ನೇ ಆರಿಸಿ. ಪೈಪು ಉದ್ದ ಮಾಡಬಹುದು. ದಿನಾ ಐವತ್ತು ಕಿಲೋ ಸಗಣಿ ಹೊರುವವರ ಬೆನ್ನು ನೋಡಬೇಕಲ್ಲ, ಅದೂ ಹೆಚ್ಚಿನ ಮನೆಗಳಲ್ಲಿ ಹೆಂಗಸರದ್ದು. ಸ್ಲರಿ ತನ್ನಷ್ಟಕ್ಕೆ ತೋಟದ ಕಡೆ ಇಳಿಯುವ ಹಾಗೆ ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು.

ಕಟ್ಟುವಾಗ ನೀವು ನೋಡಬೇಕಾದ್ದು

ಇದು ಸ್ವಂತ ಕೈಯಲ್ಲಿ ಕಟ್ಟುವ ಕೆಲಸವಲ್ಲ. ದೀನಬಂಧು ಕಟ್ಟಿ ಅನುಭವ ಇರುವ ಮೇಸ್ತ್ರಿಯೇ ಬೇಕು. ಮನೆ ಕಟ್ಟುವವರಿಗೆಲ್ಲ ಇದು ಬರುವುದಿಲ್ಲ. ಅವರು ಕಟ್ಟಿದ ಎರಡು ಗುಂಡಿ ನೋಡಿ ಬನ್ನಿ, ಆ ಮನೆಯವರ ಹತ್ತಿರ ಒಲೆ ಹಚ್ಚಿ ತೋರಿಸಲು ಹೇಳಿ.

2 ಘನ ಮೀಟರಿನ ದೀನಬಂಧುವಿಗೆ ಒಳಗಿನ ಅಗಲ ಸುಮಾರು ಎರಡೂವರೆ ಮೀಟರ್. ಹೆಚ್ಚು ಕಡಿಮೆ ಸಾವಿರ ಇಟ್ಟಿಗೆ, 14ರಿಂದ 16 ಚೀಲ ಸಿಮೆಂಟ್ ಹಿಡಿಯುತ್ತದೆ. ನಮ್ಮಲ್ಲಿ ಚಿರೆಕಲ್ಲು ಅಗ್ಗ ಅಂತ ಗುಮ್ಮಟಕ್ಕೂ ಅದನ್ನೇ ಬಳಸುವ ಯೋಚನೆ ಬರುತ್ತದೆ. ಅದರ ಮೈತುಂಬ ತೂತು, ಗ್ಯಾಸ್ ನಿಲ್ಲುವುದಿಲ್ಲ. ಚೆನ್ನಾಗಿ ಸುಟ್ಟ, ತಟ್ಟಿದರೆ ಠಣ್ ಅನ್ನುವ ಇಟ್ಟಿಗೆಯೇ ಬೇಕು.

ನೀವು ಎದುರಿಗೆ ನಿಂತು ನೋಡಬೇಕಾದ್ದು ನಾಲ್ಕೇ ಕೆಲಸ. ಒಂದು, ಮರಳು ತೊಳೆದದ್ದಾ ಅಂತ. ಎರಡು, ಸಗಣಿ ಇಳಿಯುವ ಪೈಪು ನೇರವಾಗಿ ಇದೆಯಾ ಅಂತ, ಕಟ್ಟಿಕೊಂಡಾಗ ಬಿದಿರಿನ ಗಳ ತೂರಿಸಲು ಆಗಬೇಕು. ಮೂರು, ಗುಮ್ಮಟದ ಒಳಮೈಗೆ ಗಾರೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಅದರ ಮೇಲೆ ಸಿಮೆಂಟ್ ಹಾಲು, ಒಣಗಿದ ಮೇಲೆ ಬಣ್ಣ. ಇಟ್ಟಿಗೆ ಗುಮ್ಮಟವನ್ನು ಹೊತ್ತುಕೊಳ್ಳುತ್ತದೆ ಅಷ್ಟೆ, ಗ್ಯಾಸನ್ನು ಹಿಡಿದಿಡುವುದು ಈ ಒಳಗಾರೆ. ಗುಮ್ಮಟದೊಳಗೆ ಕತ್ತಲು, ಸೆಖೆ, ಕೆಲಸದವರಿಗೆ ಬೇಗ ಮುಗಿಸಿ ಹೊರಬರುವ ಆಸೆ. ಒಳ್ಳೆಯ ಲೈಟ್ ಕೊಡಿ, ನಡುನಡುವೆ ಚಹಾ ಕೊಡಿ. ನಾಲ್ಕು, ಗುಮ್ಮಟದ ಸುತ್ತ ಮಣ್ಣು ತುಂಬಿ ದಮ್ಮಾಸು ಮಾಡುವುದು. ಒಳಗಿನಿಂದ ಗ್ಯಾಸ್ ಒತ್ತಿದಾಗ ಹೊರಗಿನ ಮಣ್ಣಿನ ಭಾರವೇ ಗುಮ್ಮಟವನ್ನು ಬಿರುಕು ಬಿಡದಂತೆ ಕಾಯುವುದು.

ಹತ್ತು ಹದಿನೈದು ದಿನ ನೀರು ಹಾಕಿ. ಆಮೇಲೆ ಸಗಣಿ ಹಾಕುವ ಮೊದಲೇ ಸೋರಿಕೆ ನೋಡಿ. ಗುಂಡಿಗೆ ನೀರು ತುಂಬಿ ಗೇಟ್ ವಾಲ್ವ್ ಮುಚ್ಚಿದರೆ ಮೇಲಿನ ಗಾಳಿ ಒತ್ತಿಕೊಳ್ಳುತ್ತದೆ. ಗ್ಯಾಸ್ ಪೈಪಿಗೆ ಮೇಸ್ತ್ರಿಯ ಲೆವೆಲ್ ಪೈಪನ್ನೇ ಸಿಕ್ಕಿಸಿ, ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ನೀರು ಹಾಕಿ. ಎರಡು ಕಡೆಯ ನೀರಿನ ಎತ್ತರದ ವ್ಯತ್ಯಾಸ ಗುರುತು ಮಾಡಿ. ಮರುದಿನ ಅದೇ ಹೊತ್ತಿಗೆ ನೋಡಿ, ಯಾಕೆಂದರೆ ಬಿಸಿಲಿಗೆ ಗಾಳಿ ಹಿಗ್ಗಿದರೆ ಲೆಕ್ಕ ತಪ್ಪುತ್ತದೆ. ಬೆರಳಿನಷ್ಟು ಇಳಿದಿದ್ದರೆ ಚಿಂತೆ ಇಲ್ಲ. ತುಂಬಾ ಇಳಿದಿದ್ದರೆ ಮೇಸ್ತ್ರಿಯ ಕೊನೆಯ ಕಂತು ಕೊಡಬೇಡಿ.

ಪೈಪು ಮತ್ತು ಒಲೆ

ಗುಂಡಿಯಿಂದ ಬರುವ ಗ್ಯಾಸಿನಲ್ಲಿ ನೀರಾವಿ ಇರುತ್ತದೆ, ತಂಪಾದರೆ ಪೈಪಿನಲ್ಲಿ ನೀರಾಗಿ ನಿಲ್ಲುತ್ತದೆ. ಹಾಗಾಗಿ ಪೈಪಿಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಬೇಕು. ಅತಿ ತಗ್ಗಿನ ಕಡೆ ಇಂಗ್ಲಿಷಿನ ಟಿ ಆಕಾರದ ಒಂದು ಪೈಪು ಜೋಡಣೆ ಹಾಕಿ, ನೀರು ಬಿಡಲು ನಲ್ಲಿ ಕೂರಿಸಿ. ನಡುವೆ ಎಲ್ಲೂ ಪೈಪು ಜೋತು ಬೀಳಬಾರದು. ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು ಬೇಡವೇ ಬೇಡ.

ಎಲ್‌ಪಿಜಿ ಒಲೆಗೆ ನೇರ ಜೋಡಿಸಿದರೆ ಸರಿಯಾಗಿ ಉರಿಯುವುದಿಲ್ಲ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಇರುವುದು ಸುಮಾರು 55ರಿಂದ 65 ಭಾಗ, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಅಷ್ಟೇ ಶಾಖಕ್ಕೆ ಹೆಚ್ಚು ಗ್ಯಾಸ್ ಹರಿಯಬೇಕು, ಒಲೆಯಲ್ಲಿ ಗ್ಯಾಸ್ ಹೊರಬರುವ ಜೆಟ್ಟಿನ ತೂತು ದೊಡ್ಡದಿರಬೇಕು. ಅದಕ್ಕೆಂದೇ ಮಾಡಿದ ಒಲೆ ತನ್ನಿ. ನೀಲಿ ಜ್ವಾಲೆ ಬರುವವರೆಗೆ ಗಾಳಿಯ ತೂತನ್ನು ತಿರುಗಿಸಿ. ಹಳದಿಯಾದರೆ ಗಾಳಿ ಸಾಲದು, ಜ್ವಾಲೆ ಬರ್ನರ್ ಬಿಟ್ಟು ಹಾರಿದರೆ ಗಾಳಿ ಜಾಸ್ತಿ. ಹಚ್ಚುವಾಗ ಮೊದಲು ಕಡ್ಡಿ ಗೀರಿ, ಆಮೇಲೆ ನಲ್ಲಿ ತಿರುಗಿಸಿ.

ಮೊದಲ ತುಂಬು

2 ಘನ ಮೀಟರಿನ ಗುಂಡಿ ತುಂಬಲು ಸುಮಾರು 2 ಟನ್ ಸಗಣಿ, ಅಷ್ಟೇ ನೀರು ಬೇಕು. ಅಕ್ಕಪಕ್ಕದ ಮನೆಗಳಿಗೆ ಮೊದಲೇ ಹೇಳಿಡಿ. ಎರಡು ಮೂರು ವಾರದ ಸಗಣಿಯನ್ನು ನೆರಳಲ್ಲಿ ಒದ್ದೆಯಾಗಿ ಮುಚ್ಚಿಟ್ಟರೂ ಆಗುತ್ತದೆ, ಒಣಗಿ ಬೆರಣಿಯಾಗಬಾರದು ಅಷ್ಟೆ. ಸಮಪಾಲು ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಕಡ್ಡಿ ಕಲ್ಲು ಆರಿಸಿ ಬಿಡಿ. ನಡೆಯುತ್ತಿರುವ ಗುಂಡಿಯಿಂದ ನಾಲ್ಕೈದು ಬಕೆಟ್ ಸ್ಲರಿ ತಂದು ಹಾಕಿದರೆ ಬೇಗ ಶುರುವಾಗುತ್ತದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ತುಂಬುವಾಗ ಗ್ಯಾಸ್ ವಾಲ್ವ್ ತೆರೆದಿರಲಿ, ತುಂಬಿದ ಮೇಲೆ ಮುಚ್ಚಿ. ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೆ, ಚಳಿಯಲ್ಲಿ ಇನ್ನೂ ತಡವಾಗಿ ಒತ್ತಡ ಏರುತ್ತದೆ. ಮೊದಲು ಬಂದ ಗ್ಯಾಸ್ ಉರಿಯುವುದಿಲ್ಲ. ಅದರಲ್ಲಿ ಗಾಳಿ ಸೇರಿರುವುದರಿಂದ ಅಪಾಯವೂ ಹೌದು. ಅದನ್ನು ಬಯಲಿಗೆ ಬಿಟ್ಟುಬಿಡಿ, ಆಗ ಹತ್ತಿರ ಬೀಡಿ ಸೇದುವವರೂ ಇರಬಾರದು. ಒಲೆಯಲ್ಲಿ ಜ್ವಾಲೆ ನಿಲ್ಲುವವರೆಗೆ ಹೊಸ ಸಗಣಿ ಹಾಕಬೇಡಿ. ಆಮೇಲೆ ಒಂದು ವಾರ ಅರ್ಧದಷ್ಟು, ನಂತರ ಪೂರ್ತಿ.

ದಿನದ ಕೆಲಸ, ಮತ್ತು ಹಾಕಬಾರದ್ದು

ಬೆಳಿಗ್ಗೆ ಹತ್ತು ಹದಿನೈದು ನಿಮಿಷ. ಸಗಣಿಗೆ ಸಮಪಾಲು ನೀರು, ಕೈಯಲ್ಲೋ ಕೋಲಿನಲ್ಲೋ ಕಲಸುವುದು, ಕಲಸುವ ತೊಟ್ಟಿಯ ಬೂಚು ತೆಗೆದು ಗುಂಡಿಗೆ ಬಿಡುವುದು. ಕಲಸಿದ್ದು ದೋಸೆ ಹಿಟ್ಟಿನಷ್ಟು ತೆಳ್ಳಗಿರಲಿ. ತೊಟ್ಟಿಯ ತಳದಲ್ಲಿ ಕೂತ ಮರಳು ಒಳಗೆ ಹೋಗದಂತೆ ಕೊನೆಯ ಎರಡು ಬೆರಳಷ್ಟನ್ನು ಗುಂಡಿಗೆ ಬಿಡದೆ ಎತ್ತಿ ಚೆಲ್ಲಿ. ಗುಂಡಿ ನಿಧಾನಕ್ಕೆ ಸಾಯುವುದು ಈ ಮರಳಿನಿಂದಲೇ. ಸ್ವಲ್ಪ ಗಂಜಲ ಸೇರಿದರೆ ತೊಂದರೆ ಇಲ್ಲ.

ಹಾಕಬಾರದ್ದರ ಪಟ್ಟಿಯಲ್ಲಿ ಅಡಿಕೆ ಬೆಳೆಗಾರರಿಗೆ ಎರಡು ವಿಶೇಷ. ಒಂದು ಮೈಲುತುತ್ತ. ಅದರಿಂದ ಮಾಡಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮು, ಪಂಪು ತೊಳೆದ ನೀರು ಕೊಟ್ಟಿಗೆಯ ಚರಂಡಿಯ ಮೂಲಕ ಗುಂಡಿಗೆ ಸೇರಿದರೆ ಒಳಗಿನ ಜೀವಿಗಳು ಸಾಯುತ್ತವೆ. ಎರಡು, ಅಡಿಕೆ ಬೇಯಿಸಿದ ಚೊಗರು. ಅದರ ಒಗರು ಇವುಗಳಿಗೆ ಆಗಿಬರುವುದಿಲ್ಲ. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಸೋಪಿನ ನೀರು ಕೂಡ ಬೇಡ. ದನಕ್ಕೆ ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟಿದ್ದರೆ ಆ ದನದ ಸಗಣಿ ಕೆಲವು ದಿನ ಗೊಬ್ಬರಗುಂಡಿಗೇ ಹೋಗಲಿ. ಉಳಿದ ಅನ್ನ, ತರಕಾರಿ ಸಿಪ್ಪೆ ಒಂದಿಷ್ಟು ಹಾಕಬಹುದು, ಮೊದಲು ಜಜ್ಜಿ. ಅಡಿಕೆ ಸಿಪ್ಪೆ, ಬಾಳೆದಿಂಡು ಬೇಡ.

ಮಳೆ ಮತ್ತು ಚಳಿ

ಆಷಾಢದಲ್ಲಿ ಗ್ಯಾಸ್ ಕಡಿಮೆಯಾಗುತ್ತದೆ. ಹಸಿ ಹುಲ್ಲು ತಿಂದ ದನದ ಸಗಣಿ ಮೊದಲೇ ತೆಳ್ಳಗಿರುತ್ತದೆ, ಆಗ ನೀರು ಕಡಿಮೆ ಹಾಕಿ. ತೊಟ್ಟಿಗಳ ಮೇಲೆ ಮಾಡು ಇರಲಿ, ಸುತ್ತ ಮಳೆನೀರು ಹರಿದುಹೋಗಲು ಕಾಲುವೆ ಇರಲಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ತಣ್ಣೀರಿನ ಬದಲು ಮಧ್ಯಾಹ್ನ ಬಿಸಿಲಿಗೆ ಕಾದ ನೀರಲ್ಲಿ ಕಲಸಿ. ಗುಮ್ಮಟದ ಮೇಲಿನ ಮಣ್ಣಿಗೆ ಒಣಹುಲ್ಲು ದಪ್ಪಗೆ ಹೊದಿಸಿ. ಎರಡು ತಿಂಗಳು ಸಿಲಿಂಡರ್ ಜೊತೆಗಿರಲಿ, ಅದರಲ್ಲಿ ನಾಚಿಕೆ ಏನಿಲ್ಲ.

ಗ್ಯಾಸ್ ಬರ್ತಿಲ್ಲ ಅಂದರೆ

ಜ್ವಾಲೆ ಏರಿಳಿಯುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ, ನಲ್ಲಿ ತೆರೆದು ಬಿಡಿ. ಗ್ಯಾಸ್ ಬಂದರೂ ಉರಿಯದಿದ್ದರೆ, ಹೊರತೊಟ್ಟಿಯಲ್ಲಿ ನೊರೆ, ಹುಳಿ ವಾಸನೆ ಇದ್ದರೆ ಒಳಗೆ ಹುಳಿಯಾಗಿದೆ. ಸಾಮಾನ್ಯವಾಗಿ ಒಂದೇ ಸಲ ಜಾಸ್ತಿ ಹಾಕಿದ್ದರಿಂದ, ಹಬ್ಬದ ಮರುದಿನ ಉಳಿದ ಊಟವನ್ನೆಲ್ಲ ಸುರಿದದ್ದರಿಂದ ಹೀಗಾಗುತ್ತದೆ. ಕೆಲವು ದಿನ ಏನೂ ಹಾಕಬೇಡಿ, ಸ್ವಲ್ಪ ಸುಣ್ಣದ ತಿಳಿ ಬಿಡಿ. ಹೊರತೊಟ್ಟಿಯಲ್ಲಿ ಸ್ಲರಿ ಏರುತ್ತಲೇ ಇಲ್ಲ ಅಂದರೆ ಸಗಣಿ ಸಾಲದು ಅಥವಾ ಸೋರಿಕೆ ಇದೆ. ಸ್ಲರಿ ಏರಿದ್ದರೂ ಒಲೆಗೆ ಗ್ಯಾಸ್ ಬರದಿದ್ದರೆ ಪೈಪೋ ವಾಲ್ವೋ ಕಟ್ಟಿದೆ.

ಏನೇ ಆದರೂ ಗುಂಡಿಯೊಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಖಾಲಿ ಮಾಡಿದ ಗುಂಡಿಯಲ್ಲೂ ಆಮ್ಲಜನಕ ಇರುವುದಿಲ್ಲ, ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಇರುತ್ತದೆ. ಅದು ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಒಬ್ಬರು ಬಿದ್ದರೆಂದು ಎತ್ತಲು ಇಳಿದವರೂ ಸಾಯುತ್ತಾರೆ. ಹೂಳು ತೆಗೆಸಬೇಕಾದರೆ ಈ ಕೆಲಸ ಗೊತ್ತಿರುವವರಿಂದ ಮೇಲಿನಿಂದಲೇ ತೆಗೆಸಿ. ಹೊರತೊಟ್ಟಿಗೆ ಚಪ್ಪಡಿ ಮುಚ್ಚಿರಲಿ, ಮಕ್ಕಳು, ಕರುಗಳು ಓಡಾಡುವ ಜಾಗ ಅದು.

ಗ್ಯಾಸ್ ಉಳಿದರೆ ಗಾಳಿಗೆ ಬಿಡಬೇಡಿ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ದನದ ಹಿಂಡಿ ಬೇಯಿಸಿ, ಕುಡಿಯುವ ನೀರು ಕಾಯಿಸಿ, ಹೇಗಾದರೂ ಉರಿಸಿಯೇ ಮುಗಿಸಿ.

ಸ್ಲರಿ

ಗುಂಡಿಗೆ ಹೋದ ಸಗಣಿಯ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಸ್ಲರಿಯಲ್ಲಿ ಹೊರಬರುತ್ತದೆ. ಗ್ಯಾಸಾಗಿ ಹೋಗುವುದು ಮುಖ್ಯವಾಗಿ ಇಂಗಾಲ. 2 ಘನ ಮೀಟರಿನ ಗುಂಡಿಯಿಂದ ದಿನಕ್ಕೆ ಸುಮಾರು 100 ಲೀಟರ್ ಬರುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಅದರಲ್ಲಿರುವ ಅಮೋನಿಯಾ ಗಾಳಿಗೆ ಹಾರಿಹೋಗುತ್ತದೆ, ಹಾಗಾಗಿ ಹಸಿಯಾಗಿಯೇ ಬಳಸುವುದು ಮೇಲು.

ಸೊಪ್ಪಿನ ಗೊಬ್ಬರದ ಮಾತು ಬಾಕಿ ಇತ್ತಲ್ಲ. ಹೊರತೊಟ್ಟಿಯ ಪಕ್ಕ ಎರಡು ಗುಂಡಿ ತೋಡಿ, ಮೇಲೆ ಮಾಡು ಹಾಕಿ. ಕೊಟ್ಟಿಗೆಗೆ ಹಾಸುತ್ತಿದ್ದ ದರಕು, ಸೊಪ್ಪನ್ನು ಇಲ್ಲಿ ಮೊಣಕಾಲೆತ್ತರ ಹರಡಿ, ಅದರ ಮೇಲೆ ದಿನಾ ಸ್ಲರಿ ಹರಿಯಲಿ. ಎಲೆ ಸ್ಲರಿಯನ್ನು ಹೀರಿಕೊಳ್ಳುತ್ತದೆ, ಮತ್ತೆ ಎಲೆ ಹರಡಿ. ಒಂದು ಗುಂಡಿ ತುಂಬಿದ ಮೇಲೆ ಮಣ್ಣು ಮುಚ್ಚಿ ಕೊಳೆಯಲು ಬಿಟ್ಟು ಇನ್ನೊಂದನ್ನು ಶುರು ಮಾಡಿ. ಅಡಿಕೆ ಸಿಪ್ಪೆಯೂ ಇಲ್ಲಿಗೆ ಬರಬಹುದು, ಅದು ಕರಗಲು ಹೆಚ್ಚು ಸಮಯ ಬೇಕು ಅಷ್ಟೆ. ಮಳೆಗಾಲ ಮುಗಿದು ತೋಟಕ್ಕೆ ಗೊಬ್ಬರ ಹಾಕುವ ಹೊತ್ತಿಗೆ ಮೊದಲ ಗುಂಡಿಯದ್ದು ಕಪ್ಪಗೆ ಪುಡಿಯಾಗಿರುತ್ತದೆ.

ಹಸಿ ಸ್ಲರಿಯನ್ನೇ ತೋಟಕ್ಕೆ ಬಿಡುವವರು ಎರಡು ಮೂರು ಪಾಲು ನೀರು ಬೆರೆಸಿ, ಮರದ ಕಾಂಡಕ್ಕೆ ತಾಗದಂತೆ ಒಂದೆರಡು ಅಡಿ ದೂರದಲ್ಲಿ ಹಾಕಿ. ಜೋರು ಮಳೆಯ ತಿಂಗಳಲ್ಲಿ ಬಿಡಬೇಡಿ, ಎಲ್ಲ ಹಳ್ಳಕ್ಕೆ ಹೋಗುತ್ತದೆ. ಡ್ರಿಪ್ಪಿಗೆ ಕೊಡುವುದಾದರೆ ಎರಡು ಸಲ ಬಟ್ಟೆಯಲ್ಲಿ ಸೋಸಿದರೂ ತೂತು ಕಟ್ಟುವುದು ಖಚಿತ, ದಪ್ಪ ಪೈಪಿನಲ್ಲಿ ಕೈಯಿಂದಲೇ ಬಿಡುವುದು ವಾಸಿ.